ಟೀಮಲ್ಲಿ ಹೊಸದನ್ನ ಟ್ರೈ ಮಾಡೋ ಅಭ್ಯಾಸ ಬರ್ಬೇಕಂದ್ರೆ ಲೀಡರ್ ಏನ್ ಮಾಡ್ಬೇಕು

"ಹೊಸ ಐಡಿಯಾ ಇದ್ರೆ ಹೇಳ್ರಪ್ಪಾ" ಅಂತ ಮೀಟಿಂಗಲ್ಲಿ ಕೇಳೋ ಮ್ಯಾನೇಜರ್‌ಗಳು ಬೇಕಾದಷ್ಟು ಜನ ಇದಾರೆ, ಆದ್ರೆ ಯಾರಾದ್ರೂ ಬಾಯಿಬಿಟ್ಟು ಹೇಳಿದಾಗ ಅವರ ಮುಖ ಹೇಗಾಗತ್ತೆ ಅಂತ ಇಡೀ ಟೀಮ್ ನೋಡ್ತಾ ಇರತ್ತೆ. ನಾನು ಮೊದಲ ಸಲ ಟೀಮ್ ಲೀಡ್ ಆದಾಗ ಒಬ್ಬ ಹುಡುಗಿ ನೋಟ್‌ಬುಕ್ಕಲ್ಲಿ ಚಿತ್ರ ಸಮೇತ ಬರ್ಕೊಂಡು ಬಂದು ಒಂದು ಐಡಿಯಾ ಹೇಳಿದ್ಲು, ನಾನು "ಅದೆಲ್ಲ ಹಿಂದೇನೇ ನೋಡಾಗಿದೆ" ಅಂದ್ಬಿಟ್ಟೆ. ಅವಳು ನೋಟ್‌ಬುಕ್ ಮುಚ್ಚಿ ಪೆನ್ ಅದರ ಮೇಲಿಟ್ಲು. ಆಮೇಲೆ ಎಷ್ಟೋ ತಿಂಗಳು ಅವಳಷ್ಟೇ ಅಲ್ಲ, ಪಕ್ಕದಲ್ಲಿ ಕೂತಿದ್ದೋರೂ ಏನೂ ಹೇಳ್ಲಿಲ್ಲ. ಆ ನೋಟ್‌ಬುಕ್ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿದೆ.

ಅದಕ್ಕೇ ಮೊದಲ ಕೆಲಸ, ನಿಮ್ಮ ಸ್ವಂತ ಐಡಿಯಾನೇ ಎಲ್ಲರ ಎದುರು ಟೆಸ್ಟಿಗೆ ಹಾಕಿ. ಬಾಸ್ ಹೇಳಿದ್ದು ಅಂತ ಸುಮ್ಮನೆ ಜಾರಿಗೆ ಬರೋದು ಬೇಡ, ಅದೂ ಬೇರೆಯವರ ಐಡಿಯಾ ಜೊತೆ ಸಾಲಲ್ಲಿ ನಿಲ್ಲಲಿ, ಸೋತ್ರೆ "ನನ್ನ ಊಹೆ ತಪ್ಪಾಗಿತ್ತು, ಇದನ್ನ ಕೈಬಿಡೋಣ" ಅಂತ ಮೀಟಿಂಗಲ್ಲೇ ಹೇಳಿ. ಇದರಲ್ಲಿ ಅವಮಾನ ಏನಿಲ್ಲ. ಮೈಕ್ರೋಸಾಫ್ಟಲ್ಲಿ ಎಕ್ಸ್‌ಪೆರಿಮೆಂಟ್ ಟೀಮ್ ಕಟ್ಟಿದ ರಾನ್ ಕೊಹಾವಿ ಅವ್ರು ಲೆಕ್ಕ ಕೊಟ್ಟಿದಾರೆ, ಅಲ್ಲಿ ಟೆಸ್ಟ್ ಮಾಡಿ ನೋಡಿದ ಐಡಿಯಾಗಳಲ್ಲಿ ಅಂದ್ಕೊಂಡ ಹಾಗೆ ಲಾಭ ಕೊಟ್ಟಿದ್ದು ಸುಮಾರು ಮೂರರಲ್ಲಿ ಒಂದು ಮಾತ್ರ. ಅದೇ ಕಂಪನಿಯ ಬಿಂಗ್ ಸರ್ಚ್ ಎಂಜಿನ್‌ನಲ್ಲಿ ಜಾಹೀರಾತಿನ ಹೆಡ್‌ಲೈನ್ ತೋರಿಸೋ ರೀತಿ ಬದಲಾಯಿಸೋಣ ಅಂತ ಒಬ್ರು ಹೇಳಿದ್ದು ಆರು ತಿಂಗಳಿಗೂ ಜಾಸ್ತಿ ಮೂಲೆಲಿ ಬಿದ್ದಿತ್ತು, 2012ರಲ್ಲಿ ಒಬ್ಬ ಇಂಜಿನಿಯರ್ ಕೆಲವೇ ದಿನದ ಕೆಲಸ ಅಂತ ಟೆಸ್ಟ್ ಮಾಡಿದ್ರೆ ಆದಾಯ 12% ಏರ್ತು, ಅಮೆರಿಕದಲ್ಲೇ ವರ್ಷಕ್ಕೆ 10 ಕೋಟಿ ಡಾಲರ್‌ಗೂ ಮೇಲೆ. ಯಾವುದು ಗೆಲ್ಲತ್ತೆ ಅಂತ ಕುರ್ಚಿಲಿ ಕೂತು ಹೇಳೋಕಾಗಲ್ಲ, ಎಷ್ಟೇ ಅನುಭವ ಇರ್ಲಿ.

ಎರಡನೇದು, ಶುರು ಮಾಡೋಕೆ ಮುಂಚೆ ಬರೆದಿಡಿ. ದೊಡ್ಡ ಡಾಕ್ಯುಮೆಂಟ್ ಬೇಡ್ವೇ ಬೇಡ, ನಾಲ್ಕು ಸಾಲು ಸಾಕು. ಉದಾಹರಣೆಗೆ: "ರಿಮೈಂಡರ್ ಮೆಸೇಜ್ ಸಂಜೆ ಬದಲು ಬೆಳಗ್ಗೆ ಕಳಿಸಿದ್ರೆ ಜಾಸ್ತಿ ಜನ ಉತ್ತರ ಕೊಡ್ತಾರೆ ಅಂತ ನಮ್ಮ ಊಹೆ. ಅರ್ಧ ಜನಕ್ಕೆ ಬೆಳಗ್ಗೆ, ಅರ್ಧ ಜನಕ್ಕೆ ಸಂಜೆ, ಯಾರಿಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ. ಎರಡು ವಾರ. ನೂರಕ್ಕೆ ಐದು ಉತ್ತರ ಜಾಸ್ತಿ ಬಂದ್ರೆ ಬದಲಾಯಿಸ್ತೀವಿ, ಇಲ್ಲಾಂದ್ರೆ ಹಳೇದೇ ಇರ್ಲಿ." ಕೊನೇ ಸಾಲು ಮೊದಲೇ ಬರೀದೇ ಇದ್ರೆ ರಿಸಲ್ಟ್ ಬಂದ್ಮೇಲೆ ಎಲ್ಲರೂ ತಮಗೆ ಬೇಕಾದ ನಂಬರ್ ಹುಡುಕ್ಕೊಂಡು ಗೆದ್ವಿ ಅಂತಾರೆ, ಇದು ನಾನು ಕಣ್ಣಾರೆ ನೋಡಿರೋದು.

ಯಾವುದನ್ನ ಕೇಳದೇ ಮಾಡಬಹುದು ಅನ್ನೋ ಗೆರೆ ಲೀಡರೇ ಎಳೀಬೇಕು. ಒಂದು ದಿನದಲ್ಲಿ ಹಿಂದಕ್ಕೆ ತಗೋಬಹುದಾದ ಬದಲಾವಣೆ ಆದ್ರೆ ಪರ್ಮಿಶನ್ ಬೇಡ, ತಿಳಿಸಿದ್ರೆ ಸಾಕು. ಜನರ ಸುರಕ್ಷತೆ, ಸಂಬಳ, ಗ್ರಾಹಕರ ಖಾಸಗಿ ಮಾಹಿತಿ ಇದ್ರೆ ಮಾತ್ರ ಕೂತು ಮಾತಾಡೋಣ. ಈ ಗೆರೆ ಇಲ್ಲದ ಕಡೆ ಒಳ್ಳೇ ಜನ ಹೆದರ್ಕೊಂಡು ಸುಮ್ಮನಿರ್ತಾರೆ.

ಇನ್ನು ಸೋತಾಗ. "ಯಾರು ಮಾಡಿದ್ದು" ಅಂತ ಕೇಳ್ಬೇಡಿ, "ನಾವೇನು ಅಂದ್ಕೊಂಡಿದ್ವಿ, ಏನಾಯ್ತು" ಅಂತ ಕೇಳಿ. ಟೀಮ್‌ಗಳ ಬಗ್ಗೆ ಸಂಶೋಧನೆ ಮಾಡೋ ಏಮಿ ಎಡ್ಮಂಡ್ಸನ್ ಅವ್ರು 1990ರ ದಶಕದಲ್ಲಿ ಆಸ್ಪತ್ರೆ ಟೀಮ್‌ಗಳನ್ನ ನೋಡಿದಾಗ ಒಳ್ಳೇ ಟೀಮ್‌ಗಳಲ್ಲೇ ಔಷಧಿ ತಪ್ಪುಗಳು ಜಾಸ್ತಿ ಕಂಡ್ವಂತೆ, ಅಲ್ಲಿ ಭಯ ಇಲ್ಲದೇ ತಪ್ಪನ್ನ ಹೇಳ್ಕೊಳ್ತಿದ್ರು ಅನ್ನೋದು ಆಮೇಲೆ ಗೊತ್ತಾಯ್ತು. ಅಂದ್ರೆ ನಿಮ್ಮ ರಿಪೋರ್ಟಲ್ಲಿ ತಪ್ಪೇ ಇಲ್ಲ ಅಂದ್ರೆ ಖುಷಿ ಪಡೋಕೆ ಮುಂಚೆ ಸ್ವಲ್ಪ ಯೋಚ್ನೆ ಮಾಡಿ. ಹಾಗಂತ ಅಸಡ್ಡೆಯಿಂದ ಆದ ತಪ್ಪನ್ನ ಎಕ್ಸ್‌ಪೆರಿಮೆಂಟ್ ಅಂತ ಕರೀಬಾರ್ದು, ಮೊದಲೇ ಬರೆದಿಟ್ಟ ಆ ನಾಲ್ಕು ಸಾಲು ಇದೆಯಾ ಇಲ್ವಾ ನೋಡಿದ್ರೆ ವ್ಯತ್ಯಾಸ ಗೊತ್ತಾಗತ್ತೆ.

ಸೋತಿದ್ದನ್ನೂ ಎಲ್ಲರಿಗೂ ಕಾಣೋ ಕಡೆ ಇಡಿ. ಅಮೆರಿಕದ 3ಎಂ ಕಂಪನಿಲಿ ವಿಜ್ಞಾನಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಗಟ್ಟಿ ಅಂಟು ಮಾಡೋಕೆ ಹೋಗಿ ಸುಲಭವಾಗಿ ಬಿಟ್ಕೊಳ್ಳೋ ಅಂಟು ಮಾಡಿದ್ರು, ಅದನ್ನ ಮುಚ್ಚಿಡದೇ ಸಹೋದ್ಯೋಗಿಗಳಿಗೆ ವರ್ಷಗಟ್ಟಲೆ ಹೇಳ್ತಾನೇ ಇದ್ರು, 1974ರಲ್ಲಿ ಅದೇ ಕಂಪನಿಯ ಆರ್ಟ್ ಫ್ರೈ ಅವ್ರಿಗೆ, ಪುಟದ ಗುರುತಿಗೆ ಇಟ್ಟ ಚೀಟಿ ಹಾಡಿನ ಪುಸ್ತಕದಿಂದ ಜಾರಿ ಬೀಳ್ತಿದ್ದಾಗ ಆ ಅಂಟು ನೆನಪಾಯ್ತು, 1980ರಲ್ಲಿ ಅದು ಪೋಸ್ಟ್-ಇಟ್ (ಅಂಟಿಸಿ ಕಿತ್ತು ತೆಗೀಬಹುದಾದ ಚೀಟಿ) ಆಗಿ ಅಮೆರಿಕದಾದ್ಯಂತ ಮಾರಾಟಕ್ಕೆ ಬಂತು. ಅಲ್ಲಿ ಕೆಲಸದ ಸಮಯದಲ್ಲಿ 15% ಸ್ವಂತ ಐಡಿಯಾಗೆ ಬಳಸಬಹುದು ಅನ್ನೋ ಪದ್ಧತಿನೂ ಇತ್ತು. ನಿಮಗೆ ಅಷ್ಟು ಕೊಡೋಕಾಗ್ದಿದ್ರೆ ವಾರಕ್ಕೆ ಎರಡು ಗಂಟೆ ಕೊಡಿ, ಆದ್ರೆ ಡೆಡ್‌ಲೈನ್ ಬಂತು ಅಂತ ಮೊದಲು ಅದನ್ನೇ ಕಿತ್ಕೋಬೇಡಿ.

ತಿಂಗಳ ಕೊನೇಲಿ ಅರ್ಧ ಗಂಟೆ ಕೂತು "ಈ ತಿಂಗಳು ನಮ್ಮ ಯಾವ ಊಹೆ ಸುಳ್ಳಾಯ್ತು" ಅಂತ ಕೇಳಿ, ಮೊದಲ ಉತ್ತರ ನೀವೇ ಕೊಡಿ. ಮೊದಲೆರಡು ತಿಂಗಳು ನಿಮ್ಮೊಬ್ಬರದೇ ಉತ್ತರ ಇರಬಹುದು, ಬೇಜಾರ್ ಮಾಡ್ಕೊಳ್ದೇ ಮುಂದಿನ ತಿಂಗಳೂ ಕೇಳಿ.