ದೀಪ ಆರಿಸಿ ತೆಗೆದ ಚಾಪೆಲ್ ಫೋಟೋಗಳು

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ಒಳಗೆ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾ ತಾನೇ ಬಣ್ಣ ಹೊಂದಿಸುವುದು) ನಂಬಬೇಡಿ. ಎತ್ತ ನೋಡಿದರೂ ಬಣ್ಣ, ಪಾಪ ಅದಕ್ಕೆ ಬಿಳಿ ಯಾವುದು ಅಂತ ಹೇಗೆ ಗೊತ್ತಾಗಬೇಕು? ಇಟಲಿಯಿಂದ ಬಂದ ಜೆಸುಯಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಇಲ್ಲಿನ ಗೋಡೆ, ಚಾವಣಿಗಳಲ್ಲಿ ಚಿತ್ರ ಬಿಡಿಸಿದರು. ಅವರು ಹಚ್ಚಿದ ನೀಲಿ ಫೋಟೋದಲ್ಲೂ ಅದೇ ನೀಲಿಯಾಗಿ ಬರಬೇಕು ಅನ್ನೋದು ನನ್ನ ಹಟ.

ತೊಡಕು ಬೆಳಕಿನದ್ದು. ಕಿಟಕಿಯಿಂದ ಬರುವ ಹಗಲು ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಹೆಚ್ಚಾದಷ್ಟೂ ನೀಲಿ, ಕಡಿಮೆಯಾದಷ್ಟೂ ಕಿತ್ತಳೆ), ಮೋಡ ಇದ್ದರೆ ಇನ್ನೂ ಜಾಸ್ತಿ. ಹಳದಿ ದೀಪದ್ದು 2700ರಿಂದ 3000. ಎರಡೂ ಒಂದೇ ಚಿತ್ರದ ಮೇಲೆ ಬಿದ್ದರೆ ಸಂತರ ಒಂದು ಕೆನ್ನೆ ಕಿತ್ತಳೆ, ಇನ್ನೊಂದು ನೀಲಿ. ಕಂಪ್ಯೂಟರ್‌ನಲ್ಲಿ ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದು ಕೆಡುತ್ತದೆ.

ಹಾಗಾಗಿ ಫಾದರ್ ಹತ್ತಿರ ಫೋಟೋಗೆ ಅನುಮತಿ ಕೇಳುವಾಗಲೇ, ಸ್ವಲ್ಪ ಹೊತ್ತು ದೀಪ ಆರಿಸಬಹುದಾ ಅಂತಲೂ ಕೇಳಿಕೊಂಡೆ. ಪರಮಪ್ರಸಾದದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯ) ಬಳಿ ಉರಿಯುವ ದೀಪ ಮಾತ್ರ ಆರಿಸುವ ಮಾತೇ ಇಲ್ಲ. ಅದು ಅಷ್ಟು ಸಣ್ಣ ಬೆಳಕು, ಫೋಟೋಗೆ ಏನೂ ತೊಂದರೆಯಿಲ್ಲ.

ಟ್ರೈಪಾಡ್, ಲೆನ್ಸಿನ ಕಿಂಡಿ ಎಫ್ 8, ಬೆಳಕಿನ ಸಂವೇದನೆ ಐಎಸ್‌ಒ 100, ರಾ ಫೈಲ್ (ಆಮೇಲೆ ಬಣ್ಣ ತಿದ್ದಲು ಅನುಕೂಲವಾಗುವ, ಕ್ಯಾಮೆರಾ ಸಂಸ್ಕರಿಸದ ಫೈಲ್). ಮೊದಲು ಬರೀ ಹಗಲು ಬೆಳಕಲ್ಲಿ ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಅಂತರದಲ್ಲಿ ಮೂರು ಫೋಟೋ, ಇಲ್ಲದಿದ್ದರೆ ಕಿಟಕಿ ಬೆಳ್ಳಗೆ ಸುಟ್ಟುಹೋಗುತ್ತದೆ. ಚಿತ್ರದ ಪಕ್ಕದಲ್ಲೇ ಗ್ರೇ ಕಾರ್ಡ್ (ಬಣ್ಣ ಸರಿಹೊಂದಿಸಲು ಆಧಾರವಾಗುವ ಬೂದು ಹಾಳೆ) ಹಿಡಿದು ಇನ್ನೊಂದು. ಆಮೇಲೆ ಟ್ರೈಪಾಡ್ ಒಂದಿಷ್ಟೂ ಅಲುಗಿಸದೆ ದೀಪ ಹಾಕಿಸಿ ಮತ್ತೊಮ್ಮೆ. ಮನೆಗೆ ಬಂದು ಹಗಲಿನದ್ದಕ್ಕೆ ಹಗಲಿನ ವೈಟ್ ಬ್ಯಾಲೆನ್ಸ್, ದೀಪದ್ದಕ್ಕೆ ದೀಪದ್ದು ಕೊಟ್ಟು, ಒಂದರ ಮೇಲೊಂದು ಲೇಯರ್ ಇಟ್ಟೆ. ದೀಪದ ಲೇಯರನ್ನು ಬಲಿಪೀಠದ ಸುತ್ತ ಮಾತ್ರ, ಅದೂ ತೆಳ್ಳಗೆ ಉಳಿಸಿದೆ. ಪೂರ್ತಿ ತೆಗೆದುಬಿಟ್ಟರೆ ಬಲಿಪೀಠ ಸಪ್ಪೆ ಆಗುತ್ತದೆ.

ದೀಪ ಆರಿಸಿದ್ದಕ್ಕೆ ಇನ್ನೊಂದು ಲಾಭ ಸಿಕ್ಕಿತು. ಹಸಿ ಗಾರೆಯ ಮೇಲೆ ಬಿಡಿಸಿದ ಫ್ರೆಸ್ಕೊ ಹೊಳೆಯುವುದಿಲ್ಲ. ಆದರೆ ಕ್ಯಾನ್ವಾಸ್ ಮೇಲಿನ ಎಣ್ಣೆ ಬಣ್ಣ ದೀಪ ಬಿದ್ದ ಕಡೆ ಫಳ್ ಅನ್ನುತ್ತದೆ, ಅಲ್ಲಿ ಚಿತ್ರವೇ ಕಾಣುವುದಿಲ್ಲ. ದೀಪ ಆರಿದ ಮೇಲೆ ಆ ಬಿಳಿ ಮಚ್ಚೆಗಳು ಹೋದವು. ಕಿಟಕಿಯ ಹೊಳಪು ಉಳಿದ ಕಡೆ ನಾನೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ.

ಇಂಥ ಕೆಲಸಕ್ಕೆ ನನಗೆ ಮಳೆಗಾಲವೇ ಇಷ್ಟ. ಮೋಡದ ಬೆಳಕು ಎಲ್ಲಾ ಕಡೆ ಸಮನಾಗಿ ಹರಡುತ್ತದೆ, ಗೋಡೆ ಮೇಲೆ ಬಿಸಿಲಿನ ಪಟ್ಟೆ ಬೀಳುವುದಿಲ್ಲ.

ಚರ್ಚ್ ಮದುವೆಗಳಲ್ಲಿ ಈ ಸೌಕರ್ಯ ಇರೋದಿಲ್ಲ, ಅಲ್ವಾ? ಅಲ್ಲಿ ಮುಖದ ಮೇಲೆ ಬಿದ್ದ ಬೆಳಕಿಗೆ ವೈಟ್ ಬ್ಯಾಲೆನ್ಸ್ ಹೊಂದಿಸಿ, ಕಿಟಕಿ ನೀಲಿಯಾದರೆ ಆಗಲಿ ಅಂತ ಬಿಡುತ್ತೇನೆ. ಎಲ್‌ಇಡಿ ಮಿನುಗಿ ಪಟ್ಟೆ ಬರದಂತೆ ಶಟರ್ 1/50 ಅಥವಾ 1/100 ಸೆಕೆಂಡಿನಲ್ಲೇ ಇಡುತ್ತೇನೆ.