ಟಿಕೆಟ್‌ನಲ್ಲಿರೋ ಸಮಯ ನೋಡಿ ಮೋಸ ಹೋಗಬೇಡಿ

ಬೇಸಿಗೆಯಲ್ಲಿ ಮಕ್ಕಳನ್ನು ನೋಡೋಕೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟವರಿಗೆ ಒಂದು ಸಲಹೆ. ಟಿಕೆಟ್‌ನಲ್ಲಿ ಹೊರಡುವ, ತಲುಪುವ ಸಮಯ ಎರಡೂ ಆಯಾ ಊರಿನದ್ದು. ಬೆಂಗಳೂರಿನಿಂದ ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು ಅದೇ ಸಂಜೆ 5.30ಕ್ಕೆ ತಲುಪುತ್ತದೆ ಅಂತಿದ್ದರೆ ಮೂರೂವರೆ ಗಂಟೆ ಅಲ್ಲ! ಅಲ್ಲಿನ ಗಡಿಯಾರ ನಮಗಿಂತ 12.30 ಗಂಟೆ ಹಿಂದೆ. ಅದನ್ನು ಕೂಡಿಸಿ, 16 ಗಂಟೆ ಆಯ್ತು. ವಾಪಸ್ ಬರುವಾಗ ಅಷ್ಟೇ ಕಳೆಯಿರಿ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ಈ ವ್ಯತ್ಯಾಸ 13.30 ಗಂಟೆ. ಏರ್‌ಪೋರ್ಟಿಗೆ ಕರೆಯೋಕೆ ಬರುವವರಿಗೆ ತಾರೀಖನ್ನೂ ಬಿಡಿಸಿ ಹೇಳಿ, ವಾಪಸ್ ಬರುವಾಗ ಎರಡು ತಾರೀಖು ಮುಂದೆ ಹೋಗಿರಬಹುದು.

ದೂರ ಸುಮಾರು 14,000 ಕಿ.ಮೀ. ಗೋಡೆಯ ಮ್ಯಾಪಿನಲ್ಲಿ ಸ್ಕೇಲ್ ಇಟ್ಟು ಅಳೆದರೆ ಇದು ಸಿಗಲ್ಲ. ಗ್ಲೋಬ್ ಮೇಲೆ ದಾರ ಎಳೆದು ನೋಡಿ, ಉತ್ತರ ಧ್ರುವದ ಹತ್ತಿರ ಹೋಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಆ ದಾರಿಯಲ್ಲೇ ನೇರವಾಗಿ ಬಂದಿದ್ದರು.

ಎಷ್ಟು ಗಂಟೆ ಹಾರಾಟ ಅನ್ನೋದಕ್ಕೆ ಸುಲಭದ ಲೆಕ್ಕ ಬೇಕಾ? ಕಿಲೋಮೀಟರನ್ನು 900ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ. ಗಾಳಿ, ದಾರಿ ನೋಡಿಕೊಂಡು ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ.

ಮಧ್ಯೆ ವಿಮಾನ ಬದಲಿಸಬೇಕಾದರೆ ಈ ಲೆಕ್ಕ ಸಾಲದು. ಒಟ್ಟು 20 ಗಂಟೆಗಿಂತ ಜಾಸ್ತಿಯೇ ಹಿಡಿಯುತ್ತದೆ. ವಯಸ್ಸಾದವರಿದ್ದರೆ ಸುಮ್ನೆ ಒಂದೂಕಾಲು ಗಂಟೆಯ ಬಿಡುವಿನ ಟಿಕೆಟ್ ತಗೋಬೇಡಿ. ನನ್ನ ಪ್ರಕಾರ ಮೂರು ಗಂಟೆಯಾದರೂ ಇರಲಿ. ವೀಲ್‌ಚೇರ್ ಬೇಕಿದ್ದರೆ ಬುಕ್ ಮಾಡುವಾಗಲೇ ಹೇಳಿಬಿಡಿ.