ಹಿಮದ ಬೆಳಿಗ್ಗೆ ಬಾಯ್ಲರ್ ನಿಂತರೆ ಮೊದಲು ಹೊರಗಿನ ಪೈಪ್ ನೋಡಿ

ಬ್ರಿಟನ್ನಿಗೆ ಹೊಸದಾಗಿ ಬಂದ ನಮ್ಮವರಿಗೆ ಗೀಸರ್ ಗೊತ್ತು, ಹಂಡೆ ಗೊತ್ತು. ಅಡುಗೆಮನೆ ಗೋಡೆಯ ಗ್ಯಾಸ್ ಬಾಯ್ಲರ್ ಮಾತ್ರ ಹೊಸದು. ಸ್ನಾನದ ನೀರಿಗೂ ಕೋಣೆಯ ರೇಡಿಯೇಟರ್‌ಗೂ ಅದೊಂದೇ ಆಧಾರ. ಸೊನ್ನೆಗಿಂತ ಕೆಳಗಿಳಿದ ದಿನವೇ ಅದು ನಿಂತರೆ, ಮನೆಯಲ್ಲಿ ಪುಟ್ಟ ಮಗುವೋ ಊರಿಂದ ಬಂದ ಅಪ್ಪ ಅಮ್ಮನೋ ಇದ್ದರೆ, ಎಷ್ಟು ಗಾಬರಿ ಅಲ್ವಾ?

ಮೊದಲು ಸುಲಭದ್ದು ನೋಡಿ. ಗ್ಯಾಸ್ ಒಲೆ ಹತ್ತುತ್ತಿದೆಯಾ? ಪ್ರಿಪೇ ಮೀಟರ್‌ನಲ್ಲಿ ದುಡ್ಡಿದೆಯಾ? ಕೋಣೆಯ ಬಿಸಿ ಎಷ್ಟಿರಬೇಕೆಂದು ಹೊಂದಿಸುವ ಥರ್ಮೋಸ್ಟಾಟ್‌ನ ಬ್ಯಾಟರಿ ಮುಗಿದಿದೆಯಾ?

ಇವೆಲ್ಲ ಸರಿಯಿದ್ದು, ನಿನ್ನೆವರೆಗೆ ಚೆನ್ನಾಗಿದ್ದ ಬಾಯ್ಲರ್ ಈಗ ಗುಳುಗುಳು ಸದ್ದು ಮಾಡಿ ಆರುತ್ತಿದ್ದರೆ, ನೀರು ಹೋಗುವ ಪೈಪ್ ಹೆಪ್ಪುಗಟ್ಟಿರುವ ಸಾಧ್ಯತೆಯೇ ಜಾಸ್ತಿ. ಇಂಗ್ಲೆಂಡಿನಲ್ಲಿ 2005ರಿಂದೀಚೆಗೆ ಹಾಕಿದ ಹೆಚ್ಚಿನ ಬಾಯ್ಲರ್‌ಗಳು ಕಂಡೆನ್ಸಿಂಗ್ ಬಗೆಯವು. ಹೊಗೆಯ ಶಾಖವನ್ನೂ ಅವು ಬಳಸಿಕೊಳ್ಳುತ್ತವೆ. ಆಗ ಹೊಗೆಯಲ್ಲಿದ್ದ ಆವಿ ನೀರಾಗಿ, ಪ್ಲಾಸ್ಟಿಕ್ ಪೈಪಿನಲ್ಲಿ ಚರಂಡಿಗೆ ಹೋಗುತ್ತದೆ. ಪೈಪ್ ಮನೆಯ ಹೊರಗಿದ್ದರೆ ಆ ನೀರೇ ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ. ನೀರು ಹಿಂದಕ್ಕೆ ತುಂಬಿಕೊಂಡಾಗ ಬಾಯ್ಲರ್ ತಾನೇ ಆಫ್ ಆಗುತ್ತದೆ. ಅದು ಕೆಟ್ಟಿಲ್ಲ.

ಬಾಯ್ಲರ್‌ನ ಅಡಿಯಿಂದ ಗೋಡೆ ದಾಟಿ ಚರಂಡಿಗಿಳಿಯುವ ಪ್ಲಾಸ್ಟಿಕ್ ಪೈಪ್ ಹುಡುಕಿ. ತಾಮ್ರದ್ದು ಅದಲ್ಲ. ತಿರುವು ಮತ್ತು ತುದಿಯಲ್ಲೇ ಗಡ್ಡೆ ಕಟ್ಟುವುದು ಹೆಚ್ಚು. ಅಲ್ಲಿಗೆ ಬಿಸಿನೀರಿನ ಚೀಲ ಒತ್ತಿಡಿ, ಇಲ್ಲವೇ ಜಗ್ಗಿನಿಂದ ಬಿಸಿನೀರು ನಿಧಾನವಾಗಿ ಸುರಿಯಿರಿ. ಕುದಿಯುವ ನೀರು ಬೇಡ, ಪೈಪ್ ಸೀಳಬಹುದು. ನಮ್ಮ ಮೊದಲ ಚಳಿಗಾಲದಲ್ಲಿ ಅವಸರಕ್ಕೆ ಕೆಟಲ್‌ನಿಂದ ನೇರ ಸುರಿದು, ಜಾಯಿಂಟ್ ಬಿಟ್ಟುಕೊಂಡಿತ್ತು. ನೆಲದಲ್ಲಿ ನಿಂತು ಕೈಗೆ ಸಿಗುವಷ್ಟು ಮಾತ್ರ ಮಾಡಿ. ಜಾರುವ ನೆಲದಲ್ಲಿ ಏಣಿ ಹತ್ತಬೇಡಿ. ಚೆಲ್ಲಿದ ನೀರಿನ ಮೇಲೆ ಉಪ್ಪು ಎರಚಿ, ಇಲ್ಲದಿದ್ದರೆ ಅದೂ ಹೆಪ್ಪುಗಟ್ಟುತ್ತದೆ. ಆಮೇಲೆ ಒಳಗೆ ಬಂದು ರಿಸೆಟ್ ಒತ್ತಿ. ಮತ್ತೆ ನಿಂತರೆ ಇನ್ನೊಂದು ಜಗ್ಗು ಸುರಿಯಿರಿ.

ಪೈಪ್ ಸರಿಯಿದ್ದರೆ, ಒಳಗಿನ ನೀರಿನ ಒತ್ತಡ ತೋರಿಸುವ ಪ್ರೆಶರ್ ಮುಳ್ಳು ನೋಡಿ. ಅದು 1 ಬಾರ್‌ಗಿಂತ ಕೆಳಗಿದೆಯಾ? ಬಾಯ್ಲರ್ ಆಫ್ ಮಾಡಿ ತಣ್ಣಗಾಗಲು ಬಿಡಿ. ಕೆಳಗಿನ ಫಿಲ್ಲಿಂಗ್ ಲೂಪ್ (ಬಾಯ್ಲರ್‌ಗೆ ನೀರು ತುಂಬುವ ಪುಟ್ಟ ಕೊಳವೆ)‌ನ ವಾಲ್ವ್‌ಗಳನ್ನು ಮೆಲ್ಲಗೆ ತಿರುಗಿಸಿ, ಮುಳ್ಳು 1.5 ಬಾರ್‌ ಹತ್ತಿರ ಬಂದಾಗ ಬಿಗಿಯಾಗಿ ಮುಚ್ಚಿ. ವಾರಕ್ಕೊಮ್ಮೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿರಬಹುದು.

ರೇಡಿಯೇಟರ್ ಮೇಲ್ಭಾಗ ಮಾತ್ರ ತಣ್ಣಗಿದ್ದರೆ ಗಾಳಿ ಸಿಕ್ಕಿಕೊಂಡಿದೆ. ಹೀಟಿಂಗ್ ಆರಿಸಿ, ಬಟ್ಟೆ ಹಿಡಿದು, ಮೇಲ್ತುದಿಯ ಗಾಳಿ ಬಿಡುವ ಸ್ಕ್ರೂವನ್ನು ಅದಕ್ಕೆಂದೇ ಇರುವ ಬ್ಲೀಡ್ ಕೀಯಿಂದ ಸ್ವಲ್ಪ ಸಡಿಲಿಸಿ. ನೀರು ಬಂದ ಕೂಡಲೇ ಮುಚ್ಚಿ, ಪ್ರೆಶರ್ ಮತ್ತೆ ನೋಡಿ.

ಬಾಯ್ಲರ್‌ನ ಕವಚ ಮಾತ್ರ ಬಿಚ್ಚಬೇಡಿ. ಒಳಗಿನ ಕೆಲಸ, ಗ್ಯಾಸ್ ಕೆಲಸಕ್ಕೆ ಅನುಮತಿ ಇರುವವರ ಅಧಿಕೃತ ಪಟ್ಟಿಯಾದ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿರುವ ಎಂಜಿನಿಯರ್‌ದು. ಬಂದವರ ಐಡಿ ಕಾರ್ಡ್ ಕೇಳಿ ನೋಡಿ. ಗ್ಯಾಸ್ ವಾಸನೆ ಬಂದರೆ, ಅಥವಾ ಕಾರ್ಬನ್ ಮೊನಾಕ್ಸೈಡ್ (ವಾಸನೆಯಿಲ್ಲದ ವಿಷಾನಿಲ) ಅಲಾರ್ಮ್ ಕೂಗಿದರೆ, ಕಿಟಕಿ ತೆರೆದು ಎಲ್ಲರೂ ಹೊರಗೆ ಬಂದು ಗ್ಯಾಸ್ ತುರ್ತು ಸಂಖ್ಯೆ 0800 111 999ಕ್ಕೆ ಫೋನ್ ಮಾಡಿ.

ಬಾಡಿಗೆ ಮನೆಯೇ? ಬಾಯ್ಲರ್ ರಿಪೇರಿ ಮಾಲೀಕರ ಹೊಣೆ, ವರ್ಷಕ್ಕೊಮ್ಮೆ ಗ್ಯಾಸ್ ತಪಾಸಣೆ ಮಾಡಿಸುವುದೂ ಅವರದೇ. ಹೊರಗಿನ ಆ ಪೈಪಿಗೆ ಫೋಮ್ ಹೊದಿಕೆ ಹಾಕಿಸಿ ಎಂದು ಚಳಿ ಶುರುವಾಗುವ ಮೊದಲೇ ಇಮೇಲ್ ಕಳುಹಿಸಿಡಿ.